ಕಿಟಕಿ ತೆರೆಯದ ವಾಡೆಯಲ್ಲಿ ತೆಗೆದ ಫೋಟೊ

ಸುರಪುರದ ಸಿರಿವಂತರ ಆ ವಾಡೆಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ನಿಜಾಮರ ಆಳ್ವಿಕೆಯ ಕೊನೆಗಾಲ. ಬಜಾರಿನಲ್ಲಿ ನಮ್ಮ ಯಜಮಾನರ ಫೋಟೊ ಅಂಗಡಿ ಇತ್ತು. ಗೋಷಾ ಪಾಲಿಸುವ ಮನೆಗಳ ಒಳಕೋಣೆಗೆ ಪರಗಂಡಸು ಕಾಲಿಡುವ ಹಾಗಿರಲಿಲ್ಲ. ಅಲ್ಲಿಗೆ ಕ್ಯಾಮೆರಾ ಹೊತ್ತು ಹೋಗುವುದು, ಬಂದು ಕತ್ತಲ ಕೋಣೆಯಲ್ಲಿ ಫಿಲ್ಮು ತೊಳೆಯುವುದು ನನ್ನ ಪಾಲಿನ ಕೆಲಸ. ಬೋರ್ಡಿನ ಮೇಲಿನ ಹೆಸರು ಮಾತ್ರ ಅವರದು.

ವಾಡೆಯ ಸೊಸೆಗೆ ಕ್ಷಯ. ಕೂಸನ್ನು ಎದೆಯಿಂದ ಬಿಡಿಸಿ ಬೇರೆ ಕೋಣೆಯಲ್ಲಿ ಇಟ್ಟಿದ್ದರು. ಹಟ ಹಿಡಿದು ನನ್ನನ್ನು ಕರೆಸಿದವಳು ಅವಳೇ. "ಅಕ್ಕಾ, ನಾ ಉಳಿಯಂಗಿಲ್ಲ. ನಮ್ಮವ್ವ ಹಿಂಗಿದ್ದಳು ಅಂತ ನನ್ನ ಮಗಳಿಗೆ ತಿಳೀಬೇಕು, ಅಷ್ಟು ಮಾಡ್ರಿ" ಅಂದಳು.

ಕೋಣೆಗೆ ಒಂದೇ ಕಿಟಕಿ, ಅದಕ್ಕೂ ಅಗಳಿ. ತೆರೆಯಿರಿ ಅಂದೆ. ಅತ್ತೆ ಅಡ್ಡ ನಿಂತಳು. "ಅಂಗಳದಾಗ ಶೇಂಗಾ ಚೀಲ ಇಳಸಾಕತ್ತಾರ. ಆ ಗಂಡಸರ ಕಣ್ಣಿಗೆ ಬೀಳಬೇಕೇನು ನಮ್ಮ ಸೊಸಿ?" ಆಳುಗಳನ್ನು ಅರೆಗಳಿಗೆ ಆಚೆ ಕಳಿಸಿದ್ದರೆ ಇವಳ ಗಂಟೇನು ಹೋಗುತ್ತಿತ್ತು? ಸಾಯುವವಳಿಗೆ ಒಂದಿಷ್ಟು ಬಿಸಿಲು ಕೊಡದ ಮಾನ, ಅದೆಂಥ ಮಾನ!

ಯುದ್ಧದಿಂದಾಗಿ ಹೈದರಾಬಾದಿನಿಂದ ಫಿಲ್ಮು ಬರುವುದೇ ಅಪರೂಪವಾಗಿತ್ತು. ನನ್ನ ಬಳಿ ಉಳಿದಿದ್ದು ಒಂದೇ ಹಾಳೆ. ಕಂದೀಲುಗಳನ್ನು ಅವಳ ಮುಖದ ಹತ್ತಿರ ಇಡಿಸಿದೆ. ಅವಳು ಕೆಮ್ಮು ತಡೆದು ಕೂತಳು. ಹೆಚ್ಚು ಹೊತ್ತು ತೆರೆದಿಟ್ಟರೆ ಕೆಮ್ಮಿ ಮುಖ ಅಲುಗುತ್ತದೆಂದು ಲೆನ್ಸು ಬೇಗ ಮುಚ್ಚಿದೆ.

ಬೆಳಕು ಸಾಲದ ಫಿಲ್ಮನ್ನು ಡೆವಲಪರಿನಲ್ಲಿ ಮಾಮೂಲಿಗಿಂತ ಹೆಚ್ಚು ಹೊತ್ತು ಬಿಟ್ಟು ಮುಖವನ್ನು ಎಳೆದು ತರಬೇಕು. ಬೇಸಿಗೆಯಲ್ಲಿ ನೀರೂ ಬೆಚ್ಚಗಿತ್ತು. ಕೆಂಪು ದೀಪದಡಿ ತಟ್ಟೆ ಅಲುಗಿಸುತ್ತ ನಿಂತೆ. ಮೊದಲು ನತ್ತು ಕಂಡಿತು, ಆಮೇಲೆ ಹಣೆ, ಕೆನ್ನೆ. ಕಡೆಗೆ ಕಣ್ಣುಗಳೂ ಬಂದವು. ಚಿತ್ರ ಕಾಳುಕಾಳಾಗಿತ್ತು, ಅಷ್ಟು ಎಳೆದರೆ ಹಾಗಾಗುವುದು ಸಹಜ. ಆದರೆ ಮುಖ ಅವಳದೇ.

ಆ ಫಿಲ್ಮಿನಿಂದ ಕಾಗದಕ್ಕೆ ಇಳಿಸಿದ ಫೋಟೊ ನೋಡಿದ ಅತ್ತೆ ಅದನ್ನು ಕೈಯಿಂದ ಕೆಳಗೆ ಹಾಕಿದಳು. "ಮಕದ ಮ್ಯಾಲ ಅಮ್ಮ ಎದ್ದಾಳಲ್ಲ!" ಫಿಲ್ಮಿನ ಕಾಳು ಅವಳಿಗೆ ಸಿಡುಬಿನ ಬೊಕ್ಕೆಯಾಗಿ ಕಂಡಿತ್ತು. ಎಷ್ಟು ಹೇಳಿದರೂ ಕೇಳಲಿಲ್ಲ. ಅಮ್ಮನನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಸುಡಲೂಬಾರದು, ಊರ ಗಡಿ ದಾಟಿಸಬೇಕು ಅಂದಳು. ಮೊರದಲ್ಲಿ ಬೇವಿನ ಸೊಪ್ಪು, ಮೊಸರನ್ನದ ಜೊತೆ ಆ ಫೋಟೊ ಇಟ್ಟು ಗಡಿಯಾಚೆ ಬಿಟ್ಟು ಬಂದರು.

ಆಮೇಲೆ, ಇನ್ನೊಂದು ಪ್ರತಿ ತೆಗೆಯಬಾರದೆಂದು, ನೆಗೆಟಿವಿಗಾಗಿ ವಾಡೆಯ ಆಳು ಅಂಗಡಿಗೆ ಬಂದ. ನಾನು ಬಾವಿಗೆ ಹೋಗಿದ್ದೆ. ವಾಡೆಯ ಗಿರಾಕಿ ತಪ್ಪೀತೆಂದು ನಮ್ಮವರು ಅದನ್ನೂ ಕೊಟ್ಟು ಕಳಿಸಿದರು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗೆ ಫಿಲ್ಮು ಕೊಟ್ಟ ಮುಖವನ್ನು ಇವರು ಆ ಮಗಳಿಗೆ ಉಳಿಸಲಿಲ್ಲ. ಅದು ಸಿಡುಬಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅತ್ತೆಯನ್ನಾದರೂ ಕ್ಷಮಿಸೇನು, ಇವರನ್ನಲ್ಲ. ಸೊಸೆ ಆ ಮಳೆಗಾಲ ಕಾಣಲಿಲ್ಲ.

ಆ ಕೂಸು ದೊಡ್ಡವಳಾಗಿ, ಮದುವೆಗೆ ಮುಂಚೆ ನನ್ನ ಹತ್ತಿರ ಬಂದಳು. "ನಮ್ಮವ್ವನ ಮಕ ಕಡೀಕ ದಿಟ್ಟಿಸಿ ನೋಡಿದವ್ರು ನೀವಂತ್ರಿ. ಹೆಂಗಿದ್ದಳು, ಹೇಳ್ರಿ."

ಹಣೆ ಅಗಲ ಅಂದೆ. ಕಣ್ಣು ದೊಡ್ಡವು ಅಂದೆ. ಅವಳು ತಲೆಯಾಡಿಸಿ ಇನ್ನೂ ಕಾಯುತ್ತಿದ್ದಳು. ನತ್ತು ಹಾಕಿದ್ದಳು ಅಂದೆ. ಬಾಯಲ್ಲಿ ಹೇಳಿ ಮುಖ ತೋರಿಸಲು ಬರುವಂತಿದ್ದರೆ ಅವಳ ತಾಯಿ ನನ್ನನ್ನು ಯಾಕೆ ಕರೆಸುತ್ತಿದ್ದಳು?