ಬೆಂಕಿಮಾಮನ ಕೊನೆಯ ಪುಗ್ಗಾ

ಹುಬ್ಬಳ್ಳಿಯಲ್ಲಿ ರೈಲು ಹತ್ತಿದಾಗ ನನ್ನ ಹತ್ತಿರ ಒಂದು ಬಟ್ಟೆಯ ಚೀಲ, ಒಂದು ಭಾರದ ರಟ್ಟಿನ ಡಬ್ಬಿ, ಗೆಳತಿ ಅರುಂಧತಿಗೆಂದು ಕಟ್ಟಿಕೊಂಡ ಸಂಕ್ರಾಂತಿಯ ಕುಸುರೆಳ್ಳು ಇದ್ದವು. ರಟ್ಟಿನ ಡಬ್ಬಿಗೆ ಕೈ ಹಚ್ಚಿದ ಎದುರು ಸೀಟಿನವರು, “ಏನ್ರೀ ಅಕ್ಕಾರ, ಕಲ್ಲು ತುಂಬೀರೇನು?” ಎಂದು ಕೇಳಿದರು. “ಪುಸ್ತಕರೀ, ನಾನಽ ಮಾಡಿದ್ದು” ಎಂದೆ. “ಹಂಗಾರ ವಾಪಸ್ ಬರೂಮುಂದ ಹಗುರ ಆಗಿರ್ಲಿ ಬಿಡ್ರಿ” ಎಂದು ಹರಸಿ ಸೀಟಿನ ಕೆಳಗೆ ತಳ್ಳಿದರು. ಧಾರವಾಡದ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವ, ಮಂಡಿನೋವು ಶುರುವಾದ ಹೆಂಗಸೊಬ್ಬಳು ಕನ್ನಡ ಕಾಮಿಕ್ಸ್ ಮಾರಲು ಗುಜರಾತಿಗೆ ಹೊರಟಿದ್ದಾಳೆ ಎಂದು ಬಿಡಿಸಿ ಹೇಳುವ ಧೈರ್ಯ ನನಗೆ ಬರಲಿಲ್ಲ.

ಆದರೆ ಆ ಕಾಮಿಕ್ಸ್ ಹುಟ್ಟಿದ್ದೇ ಗುಜರಾತಿನಲ್ಲಿ. ಅಪ್ಪನಿಗೆ ವಡೋದರಾದ ಹತ್ತಿರ ಕೊಯಾಲಿಯ ಬ್ಯಾಂಕ್ ಶಾಖೆಗೆ ವರ್ಗವಾಗಿತ್ತು. ತೈಲ ಶುದ್ಧೀಕರಣ ಕಾರ್ಖಾನೆಯ ಕಾಲನಿಯಲ್ಲಿ ನಮ್ಮ ಮನೆ, ಮೇಲಿನ ಮಹಡಿಯಲ್ಲಿ ಅರುಂಧತಿಯ ಮನೆ. ಅವಳ ತಂದೆ ಗದಗಿನವರು, ಕಾರ್ಖಾನೆಯಲ್ಲಿ ಫೋರ್‌ಮನ್. ಕಾರ್ಖಾನೆಯ ಎತ್ತರದ ಚಿಮಣಿಯ ತುದಿಯಲ್ಲಿ ಹಗಲು ರಾತ್ರಿ ಒಂದು ಬೆಂಕಿ ಉರಿಯುತ್ತಿತ್ತು. ನಾವಿಬ್ಬರೂ ಅದಕ್ಕೆ ಬೆಂಕಿಮಾಮಾ ಎಂದು ಹೆಸರಿಟ್ಟೆವು. ಪಾಪ, ಅವನಿಗೆ ನಿದ್ದೆಯೇ ಇಲ್ಲ, ಅವನನ್ನು ಹೇಗಾದರೂ ಮಲಗಿಸಬೇಕು ಎಂಬುದು ನಮ್ಮ ಕಥೆ. ಬ್ಯಾಂಕಿನ ರದ್ದಿ ಕಾಗದದ ಹಿಂಬದಿಗೆ ನಾನು ಚಿತ್ರ ಬರೆಯುತ್ತಿದ್ದೆ, ಅರು ಅದನ್ನು ಜಿನೆಯ ಮೆಟ್ಟಿಲ ಮೇಲೆ ಕಾಲನಿಯ ಹುಡುಗರನ್ನೆಲ್ಲ ಗುಡ್ಡೆ ಹಾಕಿಕೊಂಡು ಓದುತ್ತಿದ್ದಳು. ಪಾತ್ರದ ಬಾಯಿಂದ ಹೊರಡುವ ಮಾತಿನ ಗುಳ್ಳೆಗೆ ನಾವು ಪುಗ್ಗಾ ಅನ್ನುತ್ತಿದ್ದೆವು. ಆಟದ ಬಲೂನಿಗೆ ನಮ್ಮ ಕಡೆಯ ಹೆಸರು ಅದೇ, ಗುಜರಾತಿಗಳೂ ಫುಗ್ಗೋ ಎನ್ನುತ್ತಾರೆ. ಏಳನೆಯ ಇಯತ್ತೆ ಮುಗಿಸಿ ನಾವು ಧಾರವಾಡಕ್ಕೆ ಮರಳುವಾಗ ಅವ್ವ ಆ ಕಾಗದಗಳನ್ನೆಲ್ಲ ರದ್ದಿಗೆ ಹಾಕಿದಳು.

ಅದೇ ಕಥೆಯನ್ನು ಈಗ ದೊಡ್ಡ ಚಿತ್ರಕಾದಂಬರಿಯಾಗಿ ಬರೆದಿದ್ದೇನೆ. ಪ್ರಕಾಶಕರು ಯಾರೂ ಮುಂದೆ ಬರಲಿಲ್ಲ. ಸ್ವಂತ ಖರ್ಚಿನಲ್ಲಿ ಮೊದಲ ಅಧ್ಯಾಯವನ್ನು ಮಾತ್ರ ತೆಳುವಾದ ಪುಸ್ತಕವಾಗಿ ಅಚ್ಚು ಹಾಕಿಸಿದೆ. ಉಳಿದದ್ದೂ ಸಿದ್ಧ, ಕೊನೆಯ ಪುಟವೊಂದನ್ನು ಬಿಟ್ಟು. ಅದರಲ್ಲಿ ನೀರಿನ ಟಾಕಿಯ ಮೇಲೆ ನಿಂತ ಕಥೆಯ ಹುಡುಗಿ ಬೆಂಕಿಮಾಮನಿಗೆ ಏನನ್ನೋ ಕೂಗಿ ಹೇಳುತ್ತಾಳೆ, ಅವನು ಮಲಗುತ್ತಾನೆ. ಏನು ಹೇಳುತ್ತಾಳೆ? ಉಳಿದ ಪುಗ್ಗಾಗಳ ಮಾತೆಲ್ಲ ನನಗೆ ಬಾಯಿಪಾಠ, ಅದೊಂದು ಮಾತ್ರ ಖಾಲಿ. ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಅರುವಿಗೆ ಗೊತ್ತಿರಲೇಬೇಕು. ಅವಳ ಹೆಸರೂ ಮುಖಪುಟದ ಮೇಲೆ ನನ್ನ ಹೆಸರಿನ ಪಕ್ಕದಲ್ಲಿ ಬೇಕು. ಫೋನಿನಲ್ಲಿ ಕೇಳಿದರೆ ಅವಳು, “ನೀ ಬಾ, ಛಲೋ ಆತು. ಆದ್ರ ನನ್ನ ಹೆಸರು ಗಿಸರು ಏನೂ ಹಾಕಬ್ಯಾಡ” ಎಂದು ಬೇರೆ ಮಾತಿಗೆ ಹೊರಳಿದಳು. ನನ್ನ ಮುಖ ಸಣ್ಣದಾಯಿತು. ಅವಳ ಹೆಸರಿಲ್ಲದೆ ಆ ಪುಸ್ತಕ ನನಗೂ ಬೇಕಿರಲಿಲ್ಲ.

ಮರುದಿನ ಮಧ್ಯಾಹ್ನ ಅವಳ ಊರು ಸೂರತ್ ದಾಟಿತು. ಮೊದಲು ಅಹಮದಾಬಾದಿನ ಕಾಮಿಕ್ಸ್ ಮೇಳ ಮುಗಿಸಬೇಕಿತ್ತು, ಇಳಿಯಲಿಲ್ಲ. ಸಂಜೆ ವಡೋದರಾ ಬಿಟ್ಟ ಮೇಲೆ ಎಡಗಡೆಯ ಕಿಟಕಿಗೆ ಹಣೆ ಹಚ್ಚಿ ಕೂತೆ. ಬಾಜ್ವಾ ನಿಲ್ದಾಣದ ಆಚೆ, ಮಬ್ಬುಗತ್ತಲಲ್ಲಿ, ಬೆಂಕಿಮಾಮಾ ಕಾಣಿಸಿಕೊಂಡ. ಇನ್ನೂ ಎಚ್ಚರವಾಗಿದ್ದ. ಸೆರಗಿನಿಂದ ಮೂಗು ಒರೆಸಿಕೊಂಡೆ. ಪಕ್ಕದವರು ನೆಗಡಿಯೆಂದುಕೊಂಡು ಮಾತ್ರೆ ಕೊಡಲು ಬಂದರು.

ಅಹಮದಾಬಾದಿನಲ್ಲಿ ಚಳಿ ಇತ್ತು. ಸಂಕ್ರಾಂತಿಗೆ ನಾಲ್ಕು ದಿನವಿತ್ತು. ರಸ್ತೆಯ ಬದಿಗೆಲ್ಲ ಗಾಳಿಪಟದ ದಾರಕ್ಕೆ ಗುಲಾಬಿ ಬಣ್ಣದ ಮಾಂಜಾ ಹಚ್ಚುತ್ತ ನಿಂತಿದ್ದರು. ಕಾಲೂಪುರ ನಿಲ್ದಾಣದಿಂದ ನವರಂಗಪುರಕ್ಕೆ ಆಟೋದವನು ಇನ್ನೂರು ಕೇಳಿ ನೂರೈವತ್ತಕ್ಕೆ ಒಪ್ಪಿದ. ಮೇಳವೆಂದರೆ ದೊಡ್ಡದೇನಲ್ಲ, ಒಂದು ಹಳೆಯ ಸಭಾಂಗಣದಲ್ಲಿ ಉದ್ದುದ್ದ ಮೇಜುಗಳು. ತಾವೇ ಬರೆದು, ತಾವೇ ಜೆರಾಕ್ಸ್ ಮಾಡಿಸಿ, ತಾವೇ ಪಿನ್ನು ಹೊಡೆದ ಕಾಮಿಕ್ಸುಗಳನ್ನು ಹರವಿಕೊಂಡು ಕೂತವರು. ಹೆಚ್ಚಿನವರು ನನ್ನ ವಿದ್ಯಾರ್ಥಿಗಳ ವಯಸ್ಸಿನವರು. ಪುಸ್ತಕಗಳಿಗೆ ಬೆಲೆಯ ಬಿಳಿ ಸ್ಟಿಕ್ಕರು ಅಂಟಿಸಿ, ಕೈಕಟ್ಟಿ, ಪರೀಕ್ಷೆಯ ಮೇಲ್ವಿಚಾರಕಿಯ ಹಾಗೆ ನಾನೂ ಕೂತೆ. ಮಧ್ಯಾಹ್ನದವರೆಗೆ ಒಂದು ನರಪಿಳ್ಳೆಯೂ ಸುಳಿಯಲಿಲ್ಲ.

ಪಕ್ಕದ ಮೇಜಿನ ಹೇತಲ್ ತನ್ನ ಸ್ಕೂಟರಿನ ಬಗ್ಗೆಯೇ ಒಂದು ಕಾಮಿಕ್ಸ್ ಬರೆದವಳು. ಅವಳಿಗೇ ಕನಿಕರ ಬಂತು. ತಿನ್ನುತ್ತಿದ್ದ ಖಮಣದ ಪೊಟ್ಟಣ ನನ್ನ ಮುಂದೆ ಸರಿಸಿ ಹಿಂದಿಯಲ್ಲಿ, “ಬೇನ್, ಕೂತರೆ ಯಾರೂ ಬರೋದಿಲ್ಲ. ನಿಲ್ಲಬೇಕು, ಕೂಗಬೇಕು, ಪುಟ ತೆರೆದು ತೋರಿಸಬೇಕು” ಎಂದಳು. ಆಮೇಲೆ ನನ್ನ ಪುಸ್ತಕವನ್ನೇ ಎತ್ತಿಕೊಂಡು, ಕನ್ನಡದ ಒಂದಕ್ಷರ ಬಾರದಿದ್ದರೂ, ಚಿತ್ರ ನೋಡುತ್ತ ಪ್ರತಿ ಪುಗ್ಗಾಕ್ಕೂ ಗುಜರಾತಿಯಲ್ಲಿ ತನಗೆ ತೋಚಿದ ಮಾತು ಕಟ್ಟಿ ದೊಡ್ಡ ದನಿಯಲ್ಲಿ ಓದತೊಡಗಿದಳು. ಜನ ಸೇರಿದರು, ನಕ್ಕರು, ಕೊಂಡರು ಕೂಡ. ನನಗೆ ಮಾತ್ರ ಒಳಗೊಳಗೇ ಉರಿಯಿತು. ಒಂದೊಂದು ಮಾತಿಗೂ ಎಷ್ಟು ದಿನ ತಿಣುಕಿದ್ದೆ ನಾನು! ಕನ್ನಡದ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತವೆಂದು ಎಲ್ಲ ಪುಗ್ಗಾಗಳನ್ನೂ ಎರಡೆರಡು ಸಲ ದೊಡ್ಡದಾಗಿ ಬರೆದಿದ್ದೆ. ಈ ಹುಡುಗಿ ಬಾಯಿಗೆ ಬಂದದ್ದು ಹೇಳಿ ಮಾರುತ್ತಿದ್ದಾಳೆ.

ಸಂಜೆ ವಟ್ವಾದ ಬಣ್ಣದ ಕಾರ್ಖಾನೆಯಿಂದ ಬಸವರಾಜ ಎಂಬ ಬಾಗಲಕೋಟೆಯ ಕೆಮಿಸ್ಟ್ ಬಂದರು. ಕನ್ನಡಿಗರ ವಾಟ್ಸಪ್ ಗುಂಪಿನಲ್ಲಿ ನನ್ನ ಪೋಸ್ಟ್ ನೋಡಿದ್ದರಂತೆ. ಉಗುರ ಸಂದಿಯಲ್ಲಿ ನೀಲಿ ಬಣ್ಣವಿತ್ತು. ನಿಂತಲ್ಲೇ ಪೂರ್ತಿ ಓದಿ, “ಚಿತ್ರ ಭಾರಿ ಅದಾವ್ರಿ ಮೇಡಂ. ಸಿಟ್ಟಾಗಬ್ಯಾಡ್ರಿ, ಬೆಂಕಿಮಾಮಾ ಮಾತ್ರ ನಮ್ಮ ಹೆಡ್‌ಮಾಸ್ತರ ಮಾತಾಡಿದ್ಹಂಗ ಮಾತಾಡ್ತಾನ್ರಿ” ಎಂದರು. ಸಿಟ್ಟಾಗಲಿಲ್ಲ ಎಂದೆ. ಆಗಿದ್ದೆ. ಮನೆಯವರಿಗೊಂದು, ತಮ್ಮನಿಗೊಂದು ಎಂದು ಎರಡು ಪ್ರತಿ ಕೊಂಡು ಹೋದರು, ಒಳ್ಳೆಯ ಮನುಷ್ಯ.

ಮೂರನೆಯ ದಿನ ಬೆಳಿಗ್ಗೆ ವಡೋದರಾಕ್ಕೆ ಬಂದೆ. ಎರಡು ಗಂಟೆಯ ದಾರಿ. ನಿಲ್ದಾಣದ ಹತ್ತಿರ ಸೇವ್ ಉಸಳ್ ತಿಂದೆ. ಖಾರಕ್ಕೆ ಕಣ್ಣು ಮೂಗು ಸುರಿದವು, ಆದರೂ ಎರಡನೆಯ ಸಲ ರಸ ಹಾಕಿಸಿಕೊಂಡೆ, ಅಪ್ಪನ ರೂಢಿ. ಅಲ್ಲಿಂದ ಆಟೋದಲ್ಲಿ ಕೊಯಾಲಿ. ಕಾಲನಿಯ ಗೇಟಿನಲ್ಲಿ ಕಾವಲುಗಾರ ಪಾಸು ಕೇಳಿದ. ಇಲ್ಲ ಎಂದೆ. ಯಾರನ್ನು ನೋಡಬೇಕು ಎಂದ. ನನಗೆ ಗೊತ್ತಿದ್ದವರೆಲ್ಲ ವರ್ಗವಾಗಿ, ನಿವೃತ್ತರಾಗಿ, ಎಲ್ಲೆಲ್ಲೋ ಹೋಗಿದ್ದರು. “ಜಿನೆ ನೋಡಬೇಕಿತ್ತು” ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬೇನ್‌ಜೀ, ಮೆಟ್ಟಿಲು ನೋಡಲು ಪಾಸು ಕೊಡೋದಿಲ್ಲ” ಎಂದ. ಅವನ ತಪ್ಪೇನೂ ಇಲ್ಲ.

ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಗೇಟಿನ ಚಿತ್ರ ಬರೆದೆ. ಬೇವಿನ ಸಾಲು ಹಾಗೆಯೇ ಇತ್ತು. ಬೇಸಿಗೆಯಲ್ಲಿ ನಾವೆಲ್ಲ ಮಾಳಿಗೆಯ ಮೇಲೆ ಸಾಲಾಗಿ ಹಾಸಿಗೆ ಹಾಸುತ್ತಿದ್ದದ್ದು, ಕೇರಳದವರು, ತಮಿಳರು, ಗುಜರಾತಿಗಳು, ನಾವು, ಎಲ್ಲರ ಗೋಡೆಗಳ ಮೇಲೂ ಅದೇ ಕಿತ್ತಳೆ ಬೆಳಕು ಕುಣಿಯುತ್ತಿದ್ದದ್ದು ನೆನಪಾಯಿತು. ಬಿಸಿಲಲ್ಲಿ ಬೆಂಕಿಮಾಮಾ ಕಾಣುತ್ತಿರಲಿಲ್ಲ, ಚಿಮಣಿಯ ಮೇಲೆ ಗಾಳಿ ಮಾತ್ರ ನಡುಗುತ್ತಿತ್ತು. ಒಳಗೆ ಹೋಗಲಾಗದ್ದಕ್ಕೆ ಬಹಳ ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ.

ಮರುದಿನ ಸಂಜೆ ಸೂರತ್. ಅರುವಿನ ಗಂಡ ಹಜೀರಾದ ಕಾರ್ಖಾನೆಯಲ್ಲಿ ಇಂಜಿನಿಯರ್, ಗುಜರಾತಿನವರು. ನಿಲ್ದಾಣದಿಂದ ಅವರ ಕಾಲನಿಗೆ ಒಂದು ತಾಸು ಹಿಡಿಯಿತು. ಬಾಗಿಲು ತೆಗೆದವಳು, “ಅರೇ ಸುಮೀ! ಮುದುಕಿ ಆಗಿ ಬಿಟ್ಟೀ!” ಎಂದಳು. “ನೀ ಏನು ತೊಟ್ಟಲದಾಗ ಅದೀಯೇನು?” ಎಂದೆ. ಇಬ್ಬರೂ ಅಪ್ಪಿಕೊಂಡು ಅಲ್ಲೇ ಹೊಸ್ತಿಲಲ್ಲಿ ನಗುತ್ತ ನಿಂತೆವು. ಕುಸುರೆಳ್ಳು ಕೊಟ್ಟು, “ಎಳ್ಳು ಬೆಲ್ಲ ತೊಗೊಂಡು ಎಳ್ಳು ಬೆಲ್ಲದ್ಹಂಗ ಇರೂಣು” ಎಂದೆ. ಈ ಮಾತು ಕೇಳಿ ಎಷ್ಟು ವರ್ಷವಾಗಿತ್ತೋ, ಅವಳ ಕಣ್ಣು ತುಂಬಿದವು. ಅವಳ ಅತ್ತೆಯನ್ನು ಎಲ್ಲರೂ ‘ಬಾ’ ಎನ್ನುತ್ತಾರೆ, ಗುಜರಾತಿಯಲ್ಲಿ ತಾಯಿ ಎಂದರ್ಥ. ಬಾ ನನಗೆ ಬಿಸಿ ಲೋಚೋ ಬಡಿಸಿ, ತಿನ್ನುವುದು ಮುಗಿಯುವವರೆಗೆ ಎದುರಿಗೇ ಕೂತರು. ಬಾಲ್ಕನಿಯಿಂದ ನೋಡಿದರೆ ಅಲ್ಲಿಯೂ ದೂರದಲ್ಲಿ ಒಂದು ಚಿಮಣಿ, ತುದಿಯಲ್ಲಿ ಬೆಂಕಿ. “ಮಾಮಾ ನನ್ನ ಬೆನ್ನು ಬಿಡ್ಲಿಲ್ಲ ನೋಡು” ಎಂದಳು ಅರು.

ಊಟವಾದ ಮೇಲೆ ಹಸ್ತಪ್ರತಿ ತೆರೆದು ಅವಳ ಮುಂದಿಟ್ಟೆ. ಪುಟ ತಿರುಗಿಸುತ್ತ ಮೊದಮೊದಲು ನಕ್ಕಳು, ಆಮೇಲೆ ಒಂದು ಪುಗ್ಗಾವನ್ನು ಉಗುರಿನಿಂದ ತಟ್ಟಿದಳು.

“ಛಂದ ಆಗೇದ. ಆದ್ರ ಪುಗ್ಗಾದಾಗ ಇಷ್ಟೆಲ್ಲಾ ಯಾರು ಬರದ್ರು?”

“ನಾವಽ ಅಲ್ಲೇನು? ನೀನಽ ಓದ್ತಿದ್ದೆಲ್ಲಾ ಇದನ್ನ.”

“ಏನು ಓದ್ತಿದ್ದೆ? ಸುಮೀ, ನನಗ ಕನ್ನಡ ಓದ್ಲಿಕ್ಕೆ ಬರೂದಿಲ್ಲ. ಆಗೂ ಬರ್ತಿರಲಿಲ್ಲ, ಈಗೂ ಬರೂದಿಲ್ಲ. ಅದಕ್ಕಽ ನನ್ನ ಹೆಸರು ಬ್ಯಾಡ ಅಂದೆ. ನನಗಽ ಓದ್ಲಿಕ್ಕೆ ಬಾರದ ಪುಸ್ತಕಕ್ಕ ನನ್ನ ಹೆಸರು ಹಾಕ್ಕೊಂಡ್ರ ಶರಮ್ ಅಲ್ಲೇನು?”

ನಾನು ಬಾಯಿ ತೆರೆದೆ. ಅವಳು ಬಿಡಲಿಲ್ಲ. “ಮತ್ತ ನಿನಗರೇ ಎಲ್ಲಿ ಬರ್ತಿತ್ತು? ನಮ್ಮ ಸಾಲಿಯೊಳಗ ಹಿಂದಿ, ಗುಜರಾತಿ, ಇಂಗ್ಲಿಷ್ ಅಷ್ಟಽ. ನೀ ಕನ್ನಡ ಕಲ್ತಿದ್ದು ಧಾರವಾಡಕ್ಕ ಹೋದ ಮ್ಯಾಲೆ. ಪುಗ್ಗಾ ಎಲ್ಲಾ ಖಾಲಿ ಇದ್ವು, ಹುಚ್ಚೀ. ನೀ ಖಾಲಿ ಬಿಡ್ತಿದ್ದಿ, ನಾ ತುಂಬ್ತಿದ್ದೆ. ಯಾರು ಕೂತಾರ ನೋಡಿ ಅವರ ಭಾಷಾದಾಗ.”

ಅವಳು ಹೇಳಿದ್ದು ಸೂರ್ಯನಷ್ಟು ಸತ್ಯ. ಎಂಟನೆಯ ಇಯತ್ತೆಯಲ್ಲಿ ಅಜ್ಜಿಯ ಪಕ್ಕ ಕೂತು ಅ ಆ ತಿದ್ದಿದವಳು ನಾನು! ನೆನಪಿನ ಪುಗ್ಗಾಗಳನ್ನೆಲ್ಲ ಆಮೇಲೆ ಕಲಿತ ಅಕ್ಷರದಿಂದ ನಾನೇ ತುಂಬಿಕೊಂಡು, ಅವು ಮೊದಲಿನಿಂದಲೂ ಹಾಗೇ ಇದ್ದವೆಂದು ನಂಬಿಬಿಟ್ಟಿದ್ದೆ. ಬಸವರಾಜರ ಹೆಡ್‌ಮಾಸ್ತರ ಯಾರೆಂದು ಈಗ ಗೊತ್ತಾಯಿತು.

ಚೀಲದಿಂದ ಬೆಲೆ ಬರೆಯದೆ ಉಳಿದ ಬಿಳಿ ಸ್ಟಿಕ್ಕರುಗಳನ್ನು ತೆಗೆದು, ಒಂದೊಂದೇ ಪುಗ್ಗಾದ ಮೇಲೆ ಅಂಟಿಸುತ್ತ ಹೋದೆ. ಮಾತು ಮುಚ್ಚಿ ಪುಗ್ಗಾಗಳು ಮತ್ತೆ ಖಾಲಿಯಾಗತೊಡಗಿದವು. ಅರು ಅರ್ಧ ಕೆಲಸ ಕಸಿದುಕೊಂಡಳು. ಬಾ ಅವರಿಗೆ ಕುತೂಹಲ ಹುಟ್ಟಿ ಕುರ್ಚಿ ಹತ್ತಿರ ಎಳೆದುಕೊಂಡರು. “ಇದು ಏನು ಕಥೆ?” ಎಂದು ಸೊಸೆಯನ್ನು ಗುಜರಾತಿಯಲ್ಲಿ ಕೇಳಿದರು. ಅರು ಕಾಲು ಮಡಚಿ ಕೂತಳು, ಸೆರಗು ಸಿಕ್ಕಿಸಿಕೊಂಡಳು, ಮೊದಲ ಪುಟದ ಮೇಲೆ ಬೆರಳಿಟ್ಟಳು. ಬಾಗೆ ಗುಜರಾತಿ, ನನಗೆ ಕನ್ನಡ, ನಡುನಡುವೆ ಹಿಂದಿ. ಬೆಂಕಿಮಾಮನಿಗೆ ದಪ್ಪ ದನಿ, ಹುಡುಗಿಗೆ ಕೀಚು ದನಿ. “ಏ ಮಾಮಾ, ಕಣ್ಣು ಉರಿಯಾಂಗಿಲ್ಲೇನೋ ನಿಂಗ?” ಅದೇ, ಅದೇ ದನಿ! ನನ್ನ ಹೆಡ್‌ಮಾಸ್ತರಿಕೆಯ ಒಂದು ಮಾತೂ ಅದರ ಹತ್ತಿರ ನಿಲ್ಲುವಂತಿರಲಿಲ್ಲ. ನಾನು ಫೋನಿನಲ್ಲಿ ದನಿ ಹಿಡಿದುಕೊಳ್ಳುತ್ತ ಕಣ್ಣು ಒರೆಸಿಕೊಂಡೆ.

ಕೊನೆಯ ಪುಟ ಬಂತು. “ಹುಡುಗಿ ಏನಂತಾಳ?” ಎಂದು ಕೇಳಿದೆ. ಇದಕ್ಕಾಗಿಯೇ ಅಷ್ಟು ದೂರ ಬಂದಿದ್ದೆ.

“ಅದನ್ನ ನಾ ಎಂದೂ ಹೇಳ್ತಿರಲಿಲ್ಲ. ಕೇಳ್ಲಿಕ್ಕೆ ಕೂತವರು ಹೇಳ್ಬೇಕಿತ್ತು. ದಿನಾ ಒಬ್ಬೊಬ್ಬರು.” ಅರು ಅತ್ತೆಯ ಕಡೆ ತಿರುಗಿದಳು. “ಬಾ, ತಮೇ ಕಹೋ.” ನೀವೇ ಹೇಳಿ.

ಬಾ ಸ್ವಲ್ಪ ಹೊತ್ತು ಬಾಲ್ಕನಿಯಾಚೆಯ ಬೆಂಕಿಯನ್ನು ನೋಡಿದರು. ಆಮೇಲೆ ಮೆಲ್ಲಗೆ, “ಹವೇ ಸೂಈ ಜಾ, ದೀಕರಾ” ಎಂದರು. ಇನ್ನು ಮಲಗು ಮಗನೇ ಎಂದು. ಎಷ್ಟೋ ವರ್ಷಗಳಿಂದ ಆ ಬೆಂಕಿಯನ್ನು ಬೈಯುತ್ತಲೇ ಬಂದಿದ್ದರಂತೆ.

ಆ ರಾತ್ರಿ ಅರು ನನ್ನ ಪೆನ್ನು ಇಸಿದುಕೊಂಡು ಮುಖಪುಟದ ಕರಡಿನ ಮೇಲೆ, ನನ್ನ ಹೆಸರಿನ ಪಕ್ಕದಲ್ಲಿ, ತನ್ನ ಹೆಸರನ್ನು ಗುಜರಾತಿ ಲಿಪಿಯಲ್ಲಿ ಬರೆದಳು. “ಕನ್ನಡದಾಗ ತಿದ್ದೀ ಅಂದ್ರ ನೋಡು ಮತ್ತ” ಎಂದು ಬೆದರಿಸಿದಳು. ತಿದ್ದುವುದಿಲ್ಲ, ಹಾಗೇ ಅಚ್ಚಾಗುತ್ತದೆ. ಒಳಗಿನ ಮಾತುಗಳೂ ಅವಳವೇ, ಅವಳು ಆಡಿದ ಹಾಗೆಯೇ, ಕಲಬೆರಕೆಯಾಗಿಯೇ ಇರುತ್ತವೆ. ಹುಬ್ಬಳ್ಳಿಯ ಅಚ್ಚಿನವರಿಗೆ ಪೂರ್ತಿ ಪುಸ್ತಕಕ್ಕೆ ಇನ್ನೊಂದು ತಿಂಗಳು ಕಾಯಿರಿ ಎಂದು ಫೋನು ಮಾಡಿ ಬೈಸಿಕೊಂಡೆ.

ಮರುದಿನ ಸೂರತ್ ನಿಲ್ದಾಣಕ್ಕೆ ಅವಳೇ ಬಿಡಲು ಬಂದಳು. ಡಬ್ಬಿ ಅರ್ಧ ಹಗುರವಾಗಿತ್ತು, ಆದರೆ ಉಳಿದರ್ಧದ ಮೇಲೆ ಬಾ ಕೊಟ್ಟ ಘಾರಿಯ ಸಿಹಿಪೆಟ್ಟಿಗೆ ಕೂತು ಮತ್ತೆ ಕಲ್ಲಾಗಿತ್ತು. ನಾನು ಹತ್ತಿದ ಎ.ಸಿ. ಬೋಗಿಯ ಕಿಟಕಿ ತೆರೆಯುವಂಥದ್ದಲ್ಲ. ಗಾಜಿನ ಆಚೆ ನಿಂತು ಅರು ಏನೋ ಹೇಳಿದಳು. ಕೇಳಿಸಲಿಲ್ಲವೆಂದು ಕಿವಿ ಮುಟ್ಟಿ ತೋರಿಸಿದೆ. ಕೈಯನ್ನು ಬಾಯಿಗೆ ಅಡ್ಡ ಹಿಡಿದು ಮತ್ತೆ ಕೂಗಿದಳು. ರೈಲು ಹೊರಟಿತು. ಅವಳು ಬಾಯಿ ಆಡಿಸುತ್ತಲೇ ನಾಲ್ಕು ಹೆಜ್ಜೆ ಓಡಿ, ನಕ್ಕು, ನಿಂತುಬಿಟ್ಟಳು.

ಪ್ಲಾಟ್‌ಫಾರ್ಮ್ ಮರೆಯಾದ ಮೇಲೆ ಚಿತ್ರದ ಹಾಳೆ ತೆಗೆದು ಅವಳನ್ನು ಬರೆದೆ: ಸಿಕ್ಕಿಸಿದ ಸೆರಗು, ಎತ್ತಿದ ಕೈ, ತೆರೆದ ಬಾಯಿ. ಬಾಯಿಯ ಪಕ್ಕ ಒಂದು ಪುಗ್ಗಾ, ಒತ್ತಕ್ಷರಕ್ಕೂ ಜಾಗವಿರುವಷ್ಟು ದೊಡ್ಡದು. ಅದರೊಳಗೆ ಏನೂ ಬರೆಯಲಿಲ್ಲ.