ಎರಡನೆಯ ಕೂಗು

ನಾನು ಬರವಣಿಗೆಯಲ್ಲಿ ನುರಿತವಳಲ್ಲ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ತಿದ್ದಿ ಹೇಳುವವರು ಮನೆಯಲ್ಲಿರಲಿಲ್ಲ. ನಿರೂಪಣೆಯಲ್ಲಿ ಲೋಪವಿದ್ದರೆ ಓದುಗರು ಮನ್ನಿಸಬೇಕು. ನೆನಪು ಮಸುಕಾದ ಕಡೆ ಊಹೆಯನ್ನು ಬೆರೆಸಿಲ್ಲವೆಂದು ಮಾತ್ರ ಹೇಳಬಲ್ಲೆ.

ಐವತ್ತರ ದಶಕದ ಕೊನೆಯ ಮಾತು. ನಮ್ಮ ಹೊಲದ ಬಹುಭಾಗ ಜಯನಗರದ ಬಡಾವಣೆಗೆ ಸೇರಿಹೋಗಿ, ರಾಗಿ ಬೆಳೆಯುತ್ತಿದ್ದಲ್ಲಿ ನಿವೇಶನದ ಗುರುತಿನ ಕಲ್ಲುಗಳು ನಿಂತಿದ್ದವು. ನಮಗೆ ಉಳಿದದ್ದು ಒಂದು ತುಂಡು ಸೊಪ್ಪಿನ ಮಡಿ ಹಾಗೂ ಅದಕ್ಕೆ ನೀರುಣಿಸುವ, ಕಟ್ಟೆಯಿಲ್ಲದ ಬಾವಿ. ಜನಸಂಚಾರವಿಲ್ಲದ ಹೊತ್ತಿನಲ್ಲಿ ಆ ಬಾವಿ ಪರಿಚಿತರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟವರು ಉಳಿಯುವುದಿಲ್ಲ ಎಂಬ ಮಾತು ಹಬ್ಬಿತ್ತು. ಆದರೆ ಅದು ಎರಡು ಸಲ ಮಾತ್ರ ಕರೆಯಬಲ್ಲದಂತೆ. ಆದ್ದರಿಂದ ನಮ್ಮ ಓಣಿಯಲ್ಲಿ ಯಾರೇ ಕರೆದರೂ ಮೂರನೆಯ ಕೂಗಿಗೇ ಓಗೊಡುವುದು ರೂಢಿಯಾಗಿತ್ತು.

ನನ್ನ ಗೆಳತಿ ಬಸವನಗುಡಿಯಿಂದ ಪಕ್ಕದ ಬೀದಿಯ ಹೊಸ ಮನೆಗೆ ಬಂದವಳು, ಗುಮಾಸ್ತರ ಮಗಳು. ಅವಳಿಗೆ ನಮ್ಮ ರೂಢಿ ನಗೆಯ ವಿಷಯ. ಶಾಲೆಗೆ ಹೊರಡುವಾಗ ಬಾಗಿಲಲ್ಲಿ ನಿಂತು ಮೂರು ಸಲ ಕರೆದು, "ಕೋಟಾ ಮುಗೀತು! ಈಗಲಾದ್ರೂ ಬರ್ತೀಯೇನೇ, ಮಹಾರಾಣಿ?" ಎನ್ನುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಬರುವಾಗ ಅವಳಿಗೆ ಬಾವಿಯ ಪಕ್ಕದ ಮರದ ಹುಣಸೆಕಾಯಿ ಬೇಕೆನಿಸಿತು.

"ಬೇಡ ಕಣೇ, ಸುಡು ಮಧ್ಯಾಹ್ನ," ಎಂದೆ.

"ಮರ ನಿಮ್ದೇ ತಾನೆ? ದೆವ್ವಕ್ಕೇನು ಬಾಡಿಗೆಗೆ ಕೊಟ್ಟಿದ್ದೀರಾ? ನೀನಿಲ್ಲೇ ನಿಂತಿರು, ಪುಕ್ಕಲಿ."

ಚೀಲವನ್ನು ಗುರುತಿನ ಕಲ್ಲಿನ ಮೇಲಿಟ್ಟು ಹೋದಳು. ಮರದ ಹಿಂದೆ ಅವಳ ಲಂಗದ ಅಂಚು ಮರೆಯಾಯಿತು. ಸುತ್ತ ಒಂದು ಕಾಗೆಯ ಸದ್ದೂ ಇರಲಿಲ್ಲ. ಆಮೇಲೆ ನನ್ನ ಹೆಸರು ಕೇಳಿಸಿತು. ದನಿ ಅವಳದೇ, ಆದರೆ ನೆಲದೊಳಗಿನಿಂದ ಬಂದಂತಿತ್ತು. ನಾನು ಬಾಯಿಯನ್ನು ಅಂಗೈಯಿಂದ ಮುಚ್ಚಿಕೊಂಡೆ. ತುಸು ಹೊತ್ತಿನ ಮೇಲೆ ಮತ್ತೊಮ್ಮೆ ಕೇಳಿಸಿತು. ಈ ಸಲ ಅವಸರವಿಲ್ಲದೆ, ಬಹಳ ಹತ್ತಿರದಲ್ಲಿ, ಊಟಕ್ಕೆ ಮಗುವನ್ನು ಕರೆಯುವಷ್ಟು ಮೆತ್ತಗೆ.

ಮೂರನೆಯ ಕೂಗಿಗೆ ಕಾದೆ. ಅದು ಬರಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ ಈಗಲೂ ಹೇಳಲಾರೆ. ಕೊನೆಗೆ ಓಡಿದೆ, ಬಾವಿಯ ಕಡೆಗಲ್ಲ, ಮನೆಯ ಕಡೆಗೆ.

"ಅವ್ವಾ, ಅವಳ ದನೀಲಿ ಬಾವಿ ಕರೀತು. ಎರಡೇ ಸಲ."

"ಹುಡುಗಿ ಎಲ್ಲೇ?" ಎಂದಳು ಅವ್ವ. ನಾನು ಉತ್ತರಿಸುವ ಮೊದಲೇ ಅವಳ ಮುಖ ಬಿಳಿಚಿತು. "ಅಯ್ಯೋ, ಬಿದ್ದವ್ಳೆ ಕಣೇ!"

ಅಪ್ಪ ಹಗ್ಗ ಹಿಡಿದು ಇಳಿದರು. ಗೆಳತಿ ಗದ್ದದವರೆಗಿನ ನೀರಿನಲ್ಲಿ ಹುಣಸೆಯ ಬೇರನ್ನು ತಬ್ಬಿಕೊಂಡಿದ್ದಳು. ಜೀವವಿತ್ತು; ಕಾಲಿನ ಮೂಳೆ ಮುರಿದಿತ್ತು.

ವಾರದ ನಂತರ ನೋಡಲು ಹೋದೆ. ಪಟ್ಟಿ ಕಟ್ಟಿದ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದಳು.

"ಯಾಕೆ ಬರ್ಲಿಲ್ಲ ನೀನು?"

"ಮೂರನೇ ಸಲಕ್ಕೆ ಕಾಯ್ತಿದ್ದೆ. ನೀನು ಎರಡೇ ಸಲ ಕರೆದೆ."

ಅವಳು ನನ್ನನ್ನೇ ನೋಡಿದಳು. ಆ ನೋಟದಲ್ಲಿ ಕೋಪವಿದ್ದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

"ಒಂದೇ ಸಲ ಕಣೇ. ಆಮೇಲೆ ಬಾಯಿಗೆ ನೀರು ಬಂತು." ಗೋಡೆಯ ಕಡೆ ಹೊರಳಿದಳು. "ಎರಡನೇದು ನಂಗೂ ಕೇಳಿಸ್ತು. ಹೋಗು ಇನ್ನು."

ಮತ್ತೆ ಅವಳು ನಮ್ಮ ಬಾಗಿಲಿಗೆ ಬರಲಿಲ್ಲ, ನಾನೂ ಹೋಗಲಿಲ್ಲ.

ಆ ತಿಂಗಳೇ ಅಪ್ಪ ಬಾವಿಗೆ ಮಣ್ಣು ತುಂಬಿಸಿದರು. ನೀರಿಲ್ಲದೆ ಸೊಪ್ಪಿನ ಮಡಿ ಒಣಗಿತು. ತಲೆಮಾರುಗಳ ಬೇಸಾಯ ಅಲ್ಲಿಗೆ ನಿಂತು, ಅಪ್ಪ ಒಂದು ಉದ್ಯಾನದಲ್ಲಿ ಮಾಲಿಯಾಗಿ ಸೇರಿದರು. ನಾವು ಹನುಮಂತನಗರದ ಬಾಡಿಗೆ ಮನೆಗೆ ಹೋದೆವು. ನನ್ನ ಕಾಲೇಜು ಓದು ನಡೆದದ್ದು ಆ ಮನೆಯಿಂದಲೇ.