ಚಿಲಕ ತೆಗೆದ ಮೇಲೆ

“ಹ್ವಾಯ್, ಆಸ್ರಿಗ್ ಬೇಕಾ?”

ಹೊರಗಿನಿಂದ ಚಿಲಕ ಹಾಕಿದ್ದ ಕೋಣೆಯೊಳಗಿಂದ ಗಂಡಸಿನ ದನಿ. ನಾನು ಬೆಚ್ಚಿ ಅಂಗಳಕ್ಕೆ ಇಳಿದುಬಿಟ್ಟೆ. ಗದಗಿನಿಂದ ಶಿರೂರಿಗೆ ನರ್ಸಾಗಿ ಬಂದು ಎಂಟು ದಿನವಾಗಿತ್ತು; ಮನೆಮನೆ ಭೇಟಿಗೆಂದು ಆ ಮನೆಗೆ ಹೋಗಿದ್ದೆ. ಊರೂ ಕನ್ನಡದ್ದು, ನಾನೂ ಕನ್ನಡದವಳು. ಆದರೆ ಆ ಮಾತು ತಿಳಿಯಲಿಲ್ಲ. ಮನೆಯೊಡತಿ, ಮೀನು ಮಾರುವ ಸೀತಕ್ಕ, ತಲೆ ತಗ್ಗಿಸಿ ಬಿಡಿಸಿ ಹೇಳಿದರು: “ನನ್ ಮಗ, ರಾಮ. ನಿಮ್ಗೆ ಕುಡುಕೆ ಎಂತಾದ್ರೂ ಬೇಕಾ ಅಂದೇಳಿ ಕೇಂತ.”

ರಾಮ ಮುಂಬೈಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದವನು. ಯಾರೋ ಬೆನ್ನಟ್ಟುತ್ತಿದ್ದಾರೆಂದು ಹೆದರಿ ಊರಿಗೆ ಮರಳಿದ್ದ. ಒಂದು ಮಧ್ಯಾಹ್ನ ಕಡಲಿಗೆ ಇಳಿದವನನ್ನು ಬಲೆ ಎಳೆಯುವವರು ಹೊತ್ತು ತಂದರು. ಅಂದಿನಿಂದ ಚಿಲಕ.

ಗದಗಿನ ಒಣಹವೆ ಇಲ್ಲಿಲ್ಲ. ನನ್ನ ಬಾಡಿಗೆ ಕೋಣೆಯಲ್ಲಿ ಬಟ್ಟೆ ಒಣಗುತ್ತಿರಲಿಲ್ಲ, ಜೋಳದ ಹಿಟ್ಟಿಗೆ ಬೂಷ್ಟು. ಸಂಜೆಯಾದರೆ ಮಾತಿಗೆ ಜನವಿಲ್ಲ. ಹಾಗಾಗಿ ಸೀತಕ್ಕನ ಜಗಲಿಯೇ ನನಗೆ ಆಸರೆಯಾಯಿತು. ಕುಚ್ಚಲಕ್ಕಿ ಗಂಜಿ ಉಣ್ಣಲು ಅಲ್ಲೇ ಕಲಿತೆ.

ಮನೋವೈದ್ಯರು ವಾರಕ್ಕೊಮ್ಮೆ ಕುಂದಾಪುರಕ್ಕೆ ಬರುತ್ತಿದ್ದರು. ರಾಮನನ್ನು ಕರೆದೊಯ್ಯೋಣವೆಂದರೆ ಸೀತಕ್ಕ ಸಿಡಿದರು. “ಬಸ್ಸಗೆ ಎಲ್ಲರೂ ಕಾಂತ್ರ್. ಇವ್ನ್ ತಂಗಿನ್ ಯಾರ್ ಮದಿ ಆತ್ರ್? ಇವ ಮತ್ತೆ ಕಡ್ಲಿಗೆ ಹಾರ್ರೆ ನೀವ್ ತಂದ್ ಕೊಡ್ತ್ರಿಯಾ?”

ಜನ ಕಂಡರೆ ಮಗಳ ಮದುವೆ ತಪ್ಪೀತೆಂಬ ಭಯ ಅವರದು. ಎರಡು ತಿಂಗಳು ಆ ಮಾತೆತ್ತದೆ ಅವರ ಜಗಲಿಗೆ ಹೋಗಿ ಕೂತೆ. ಒಂದು ಬೆಳಿಗ್ಗೆ ಅವರೇ ಚಿಲಕ ತೆಗೆದರು. ಬಸ್ಸಿನಲ್ಲಿ ಅವನನ್ನು ನಡುವೆ ಕೂರಿಸಿಕೊಂಡೆವು. ಮರವಂತೆಯಲ್ಲಿ ಕಡಲು ರಸ್ತೆಗೇ ಒತ್ತಿಕೊಂಡಿದೆ. ಅದು ಹಿಂದೆ ಸರಿಯುವವರೆಗೂ ತಾಯಿ ಮಗನ ಮಣಿಕಟ್ಟು ಬಿಡಲಿಲ್ಲ.

ಮಾತ್ರೆ ಹಿಡಿಯಿತು. ನಿದ್ದೆ ಬಂತು. ರಾಮ ತಾನಾಗಿ ಮಿಂದು ಜಗಲಿಗೆ ಬರತೊಡಗಿದ. ಮಾತ್ರೆ ತರುವ ಕೆಲಸ ನನ್ನದಾಗಿತ್ತು. ಮೂರನೆಯ ತಿಂಗಳು ನಾನು ಜ್ವರದಿಂದ ಮಲಗಿದೆ. ನನ್ನ ಬದಲು ಹೋಗುವವರು ಯಾರೂ ಇಲ್ಲವೆಂಬುದು ಆಗ ಅರಿವಾಯಿತು. ನಾಲ್ಕನೆಯ ದಿನ ಸೀತಕ್ಕ ಏದುಸಿರು ಬಿಡುತ್ತ ಬಂದರು: “ರಾಮ ಇಲ್ಲ! ಎಲ್ಲೂ ಇಲ್ಲ!”

ಇಬ್ಬರೂ ಓಡಿದ್ದು ಕಡಲಿಗೆ. ದೋಣಿಯವರು ನೀರಿಗಿಳಿದರು. ಆ ಚಿಲಕ ತೆಗೆಸಿದವಳು ನಾನು. ಅಷ್ಟರಲ್ಲಿ ದಂಡೆಯ ಮೇಲಿಂದ ಯಾರೋ ಕೂಗಿದರು, ರಾಮ ಬಸ್ ನಿಲ್ದಾಣದಲ್ಲಿ ಕೂತಿದ್ದಾನೆಂದು.

ಇಸ್ತ್ರಿ ಅಂಗಿ ತೊಟ್ಟಿದ್ದ. ಕೈಯಲ್ಲಿ ಮಾತ್ರೆಯ ಖಾಲಿ ಪಟ್ಟಿ. “ಕುಂದಾಪ್ರಕ್ ಹೋಯ್ಕ್. ಮಾತ್ರೆ ಮುಗ್ದಿತ್,” ಎಂದ. “ನೀವೆಲ್ಲ ಎಂತಕ್ ಓಡಿ ಬಂದದ್ದ್?”

ಸೀತಕ್ಕ ಅವನ ಪಕ್ಕ ಕುಸಿದು ಅತ್ತರು. ನನಗೆ ನಾಚಿಕೆಯಾಯಿತು. ಮಗ ಬಸ್ಸಿಗೆ ಕಾಯುತ್ತಿರಬಹುದೆಂದು ನನಗೂ ಹೊಳೆದಿರಲಿಲ್ಲ.

ಆ ವರ್ಷ ರಜೆಗೆ ಗದಗಿಗೆ ಹೋದೆ. ನಮ್ಮ ಕಾಕಾ ದನದ ಕೊಟ್ಟಿಗೆಯ ಮೂಲೆಯಲ್ಲಿ ಒಬ್ಬನೇ ಗೊಣಗುತ್ತ ಕೂರುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅದು ಕಾಯಿಲೆಯೆಂದು ಮನೆಯಲ್ಲಿ ಯಾರೂ ಆಡಿದ್ದಿಲ್ಲ, ನಾನೂ ಆಡಿರಲಿಲ್ಲ. “ಕಾಕಾನ್ನ ಡಾಕ್ಟರಿಗೆ ತೋರಸೂಣು,” ಎಂದೆ. ಅಣ್ಣ ರೇಗಿದ: “ನಾಕ ದಿನಕ್ಕ ಬಂದಾಕಿ, ನಮ್ಮ ಮನಿ ಉಸಾಬರಿ ನಿನಗ್ಯಾಕ?”

ಶಿರೂರಿನಲ್ಲಿ ನಾನು ಇಂದಿಗೂ ‘ಘಟ್ಟದ ಮೇಲಿನವಳು’. ಆದರೂ ಅಲ್ಲಿ ನನ್ನ ಮಾತು ಕೇಳಿದರು. ಕೊಟ್ಟಿಗೆಗೆ ಹೋಗಿ ಕಾಕಾನ ಪಕ್ಕ ಕೂತೆ. ಅವನು ಬಹಳ ಹೊತ್ತು ನನ್ನ ಮುಖ ನೋಡಿದ.

“ಯಾವ ಊರಾಕಿವಾ ನೀ?”

ಗದಗ ಎನ್ನಲು ಬಾಯಿ ತೆರೆದೆ. ನಾಲಿಗೆಗೆ ಮೊದಲು ಬಂದದ್ದು ಶಿರೂರು.